> ಮತ್ತು <: ಗುರುತು ಸುಲಭ, ಹೋಲಿಕೆ ಕಷ್ಟ

7 > 4. ಏಳು ನಾಲ್ಕಕ್ಕಿಂತ ದೊಡ್ಡದು. ಇಷ್ಟು ಸರಳವಾದ ಗುರುತು ಅಚ್ಚಿನಲ್ಲಿ ಬಂದು ಇನ್ನೂ 400 ವರ್ಷ ಆಗಿಲ್ಲ. ಹೋಲಿಕೆ ಮಾತ್ರ ಬಹಳ ಹಳೆಯದು. ‘ಇಡಿಯದ್ದು ಭಾಗಕ್ಕಿಂತ ದೊಡ್ಡದು’ ಎಂಬುದನ್ನು ಯೂಕ್ಲಿಡ್ ಕ್ರಿಸ್ತಪೂರ್ವ 300ರ ಸುಮಾರಿಗೇ ತನ್ನ ಮೂಲ ನಿಯಮಗಳಲ್ಲಿ ಸೇರಿಸಿದ್ದ. ಆದರೆ ಎಲ್ಲವನ್ನೂ ಮಾತಿನಲ್ಲೇ ಬರೆಯಬೇಕಿತ್ತು.

ಮೊದಲು ಬಂದದ್ದು ಸಮ ಗುರುತು. ‘ಇದು ಅದಕ್ಕೆ ಸಮ’ ಅಂತ ಪದೇ ಪದೇ ಬರೆಯುವುದನ್ನು ತಪ್ಪಿಸಲು ವೇಲ್ಸ್‌ನ ರಾಬರ್ಟ್ ರೆಕಾರ್ಡ್ 1557ರಲ್ಲಿ ಎರಡು ಸಮಾನಾಂತರ ಗೆರೆ ಎಳೆದ. ಇವಕ್ಕಿಂತ ಸಮವಾದದ್ದು ಇನ್ನೇನಿದೆ ಅನ್ನುವುದು ಅವನ ವಾದ. > ಮತ್ತು < ಕಾಣಿಸಿಕೊಂಡದ್ದು 1631ರಲ್ಲಿ, ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್‌ನ ಬೀಜಗಣಿತ ಪುಸ್ತಕದಲ್ಲಿ. ಅಷ್ಟರಲ್ಲಿ ಅವನು ತೀರಿಕೊಂಡು ಹತ್ತು ವರ್ಷವಾಗಿತ್ತು. ಅದೇ ವರ್ಷ ವಿಲಿಯಂ ಆಟ್ರೆಡ್ ಕೂಡ ಬೇರೆ ಗುರುತುಗಳನ್ನು ತಂದ. ಸ್ವಲ್ಪ ಕಾಲ ಎರಡೂ ಓಡಿದವು, ಕೊನೆಗೆ ಹ್ಯಾರಿಯಟ್‌ನವೇ ಉಳಿದವು.

ಉಳಿದದ್ದು ಒಳ್ಳೆಯದೇ ಆಯಿತು. ರೆಕಾರ್ಡ್‌ನ ಗುರುತಿನ ಪಕ್ಕ ಇಟ್ಟು ನೋಡಿ. ಎರಡು ಗೆರೆಗಳ ನಡುವಿನ ಅಂತರ ಎಲ್ಲ ಕಡೆ ಒಂದೇ ಇದ್ದರೆ ಸಮ. ಅಗಲವಾಗಿರುವ ಕಡೆ ದೊಡ್ಡ ಸಂಖ್ಯೆ, ಕೂಡುವ ಕಡೆ ಚಿಕ್ಕದು. ಮಕ್ಕಳಿಗೆ ಇದನ್ನು ಮೊಸಳೆ ಬಾಯಿ ಅಂತ ಹೇಳಿಕೊಡುವುದುಂಟು. ದಿಕ್ಕು ನೆನಪಿಡಲು ಸಾಕು, ಆದರೆ ಅಲ್ಲಿಗೇ ನಿಲ್ಲಬಾರದು. 4 < 7 ಅನ್ನು ‘ನಾಲ್ಕು ಏಳಕ್ಕಿಂತ ಚಿಕ್ಕದು’ ಎಂದು ಎಡದಿಂದ ಬಲಕ್ಕೆ ವಾಕ್ಯದಂತೆ ಓದಲು ಬರಬೇಕು.

ನಿಜವಾದ ತೊಡಕು ಗುರುತಿನಲ್ಲಿ ಇಲ್ಲ. 0.45 ಮತ್ತು 0.5 ಕೊಟ್ಟರೆ ಎಷ್ಟೋ ಮಕ್ಕಳು 0.45 ದೊಡ್ಡದು ಅನ್ನುತ್ತಾರೆ. 45 ಐದಕ್ಕಿಂತ ಜಾಸ್ತಿ ಅಲ್ವಾ? ಪೂರ್ಣ ಸಂಖ್ಯೆಗಳಲ್ಲಿ ಕಲಿತ ಸರಿಯಾದ ಪಾಠವನ್ನೇ ಅವರು ಇಲ್ಲಿಗೂ ತಂದಿರುತ್ತಾರೆ. 0.50 ಎಂದು ಬರೆದು ತೋರಿಸಿದರೆ ವಿಷಯ ತಿಳಿಯಾಗುತ್ತದೆ. 1/8 ಮತ್ತು 1/6ರಲ್ಲೂ ಇದೇ ಕಥೆ.

ಮೈನಸ್ ಸಂಖ್ಯೆಗಳಂತೂ ದೊಡ್ಡವರನ್ನೇ ಕಾಡಿದ್ದವು. ಫ್ರಾನ್ಸಿನ ಆಂಟೊನ್ ಅರ್ನೋಗೆ 17ನೇ ಶತಮಾನದಲ್ಲಿ ಒಂದು ಸಂಶಯ ಬಂತು. −1ಕ್ಕೂ 1ಕ್ಕೂ ಇರುವ ಅನುಪಾತ, 1ಕ್ಕೂ −1ಕ್ಕೂ ಇರುವ ಅನುಪಾತ ಎರಡೂ ಒಂದೇ. ಹಾಗಾದರೆ ಚಿಕ್ಕದರಿಂದ ದೊಡ್ಡದಕ್ಕೆ ಇರುವುದೂ ದೊಡ್ಡದರಿಂದ ಚಿಕ್ಕದಕ್ಕೆ ಇರುವುದೂ ಒಂದೇ ಆಗುವುದು ಹೇಗೆ? ಇಂಗ್ಲೆಂಡಿನ ಗಣಿತಜ್ಞ ಜಾನ್ ವಾಲಿಸ್ ಇನ್ನೂ ಮುಂದೆ ಹೋದ. ಭಾಜಕ ಕಡಿಮೆಯಾದಷ್ಟೂ ಭಾಗಲಬ್ಧ ಬೆಳೆಯುತ್ತದೆ, ಸೊನ್ನೆಗೆ ಬಂದರೆ ಅನಂತ. ಹಾಗಾಗಿ ಸೊನ್ನೆಗಿಂತ ಕೆಳಗಿನ ಸಂಖ್ಯೆಯಿಂದ ಭಾಗಿಸಿದರೆ ಉತ್ತರ ಅನಂತಕ್ಕಿಂತಲೂ ದೊಡ್ಡದಿರಬೇಕು ಅಂದುಕೊಂಡ!

ದಾರಿ ತೋರಿಸಿದವನೂ ಅದೇ ವಾಲಿಸ್. 1685ರ ತನ್ನ ಬೀಜಗಣಿತ ಪುಸ್ತಕದಲ್ಲಿ ಒಂದು ಗೆರೆ ಎಳೆದು, ಒಬ್ಬ 5 ಗಜ ಮುಂದೆ ನಡೆದು 8 ಗಜ ಹಿಂದೆ ಬಂದರೆ ಹೊರಟ ಜಾಗಕ್ಕಿಂತ 3 ಗಜ ಹಿಂದಿರುತ್ತಾನೆ ಎಂದು ವಿವರಿಸಿದ. ಅದೇ −3. ಇಂದಿನ ಸಂಖ್ಯಾರೇಖೆಯ ಮೇಲೆ ನಿಯಮ ಒಂದೇ: ಬಲಕ್ಕಿರುವುದು ದೊಡ್ಡದು. −7ಕ್ಕಿಂತ −3 ಬಲಕ್ಕಿದೆ, ಆದ್ದರಿಂದ −7 < −3. ಎರಡೂ ಬದಿಯನ್ನು −1ರಿಂದ ಗುಣಿಸಿದರೆ ಗುರುತು ತಿರುಗುವುದೇಕೆ ಎಂಬುದೂ ಇಲ್ಲೇ ಕಾಣುತ್ತದೆ. 2 ಮತ್ತು 5 ಸೊನ್ನೆಯ ಆಚೆ ಬದಿಗೆ ಹಾರುತ್ತವೆ. ಸೊನ್ನೆಯಿಂದ ಜಾಸ್ತಿ ದೂರವಿದ್ದ 5 ಈಗ ಎಡಕ್ಕೆ ಜಾಸ್ತಿ ದೂರ ಹೋಗಿದೆ. 2 < 5 ಇದ್ದದ್ದು −2 > −5 ಆಗುತ್ತದೆ.