ಮಹಡಿಯ ಮೇಲಿನ ಆಟವೂ ಗಾಳಿಯಲ್ಲಿನ ಸರದಿಯೂ

ಮಹಡಿಯ ಕೋಣೆಯಲ್ಲಿ ವೈಫೈ ನೆಟ್ಟಗೆ ಸಿಗುವುದಿಲ್ಲ ಎಂದು ಹೇಳಿ ನೋಡಿ, ಸಲಹೆಗಳ ಸುರಿಮಳೆಯಾಗುತ್ತದೆ. ಇಂಟರ್ನೆಟ್ ಕಂಪನಿಯವರು ನೂರು ಎಂಬಿಪಿಎಸ್ ಪ್ಲ್ಯಾನ್ ಬಿಟ್ಟು ಮುನ್ನೂರಕ್ಕೆ ಬನ್ನಿ ಎನ್ನುತ್ತಾರೆ. ಅಂಗಡಿಯವರು ಎರಡು ಕೊಂಬಿನ ರೂಟರ್ ಬದಿಗಿಟ್ಟು ಎಂಟು ಕೊಂಬಿನದನ್ನು ತೋರಿಸುತ್ತಾರೆ. ವಾಸ್ತು ಬಲ್ಲ ನೆಂಟರೊಬ್ಬರು ಇದ್ದರಂತೂ ಮುಗಿಯಿತು: ವಿದ್ಯುತ್ತಿನ ವಸ್ತುವಾದ್ದರಿಂದ ಅದು ಆಗ್ನೇಯ ಮೂಲೆಯಲ್ಲೇ ಇರಬೇಕು. ಆ ಮೂಲೆಯಲ್ಲಿ ಸಾಮಾನ್ಯವಾಗಿ ಅಡುಗೆಮನೆ ಇರುತ್ತದೆ, ಅದರೊಳಗೆ ಫ್ರಿಜ್ ಮತ್ತು ಮೈಕ್ರೋವೇವ್ ಒಲೆ. ರೇಡಿಯೋ ಅಲೆಗಳಿಗೆ ಇದಕ್ಕಿಂತ ಕೆಟ್ಟ ನೆರೆಹೊರೆ ಮನೆಯಲ್ಲಿ ಬೇರೊಂದಿಲ್ಲ.

ಈ ಸಲಹೆಗಳೆಲ್ಲ ವೈಫೈಯನ್ನು ನಲ್ಲಿಯ ನೀರಿನಂತೆ ಭಾವಿಸುತ್ತವೆ. ಒತ್ತಡ ಹೆಚ್ಚಿಸಿದರೆ ಮೇಲಿನ ಮಹಡಿಗೂ ಏರುತ್ತದೆ ಎಂಬ ಎಣಿಕೆ. ವಾಸ್ತವವಾಗಿ ವೈಫೈ ಹಂಚುವುದು ಕಾಲವನ್ನು. ಒಂದು ಚಾನೆಲ್ಲಿನಲ್ಲಿ ಒಂದು ಕ್ಷಣಕ್ಕೆ ಸಾಮಾನ್ಯವಾಗಿ ಒಂದೇ ಉಪಕರಣ ಮಾತಾಡಬಹುದು. ರೂಟರ್, ಅಜ್ಜಿಯ ಮೊಬೈಲ್, ಟಿವಿ, ಮಹಡಿಯ ಕಂಪ್ಯೂಟರ್, ಗೇಮ್ ಕನ್ಸೋಲ್ ಇವೆಲ್ಲ ಸರದಿಯಲ್ಲಿ ನಿಂತಿರುತ್ತವೆ. ಮಹಡಿಯ ತೊಂದರೆಯ ಮೂಲ ಈ ಸರದಿಯಲ್ಲಿದೆ, ಮೊಬೈಲಿನ ಮೂಲೆಯಲ್ಲಿ ಕಾಣುವ ಗೆರೆಗಳ ಲೆಕ್ಕದಲ್ಲಿಲ್ಲ.

ಆನ್‌ಲೈನ್ ಆಟಕ್ಕೆ ಭಾರೀ ವೇಗದ ಸಂಪರ್ಕ ಬೇಕು ಎಂಬ ಮಾತೇ ಅರ್ಧ ಸುಳ್ಳು. ಆಟವನ್ನು ಡೌನ್‌ಲೋಡ್ ಮಾಡುವಾಗ ಬೇಕು, ನಿಜ. ಆಡುವಾಗ ಹೋಗಿಬರುವುದು ಪ್ಯಾಕೆಟ್ ಎಂಬ ಮಾಹಿತಿಯ ಚಿಕ್ಕ ಚಿಕ್ಕ ಪೊಟ್ಟಣಗಳು: ನಾನು ಇಲ್ಲಿದ್ದೇನೆ, ಈ ಕಡೆ ತಿರುಗಿದೆ, ಗುಂಡು ಹಾರಿಸಿದೆ. ಮುಖ್ಯವಾದದ್ದು ಅವು ಹೊತ್ತಿಗೆ ಸರಿಯಾಗಿ ತಲುಪುವುದು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಂಗಳೂರಿನಿಂದ ಮುಂಬೈಯ ಸರ್ವರ್‌ವರೆಗೆ ಸಾವಿರ ಕಿಲೋಮೀಟರ್ ಕೇಬಲ್ ಇದೆ ಎಂದಿಟ್ಟುಕೊಂಡರೂ ಹೋಗಿಬರಲು 10 ಮಿಲಿಸೆಕೆಂಡು ಸಾಕು. ದಾರಿಯ ಯಂತ್ರಗಳು ಇನ್ನಷ್ಟು ಸೇರಿಸುತ್ತವೆ. ಸಹ್ಯಾದ್ರಿಯ ಆಚೆ ಹೋಗಿ ಇಷ್ಟು ಚುರುಕಾಗಿ ಹಿಂದಿರುಗಿದ ಪ್ಯಾಕೆಟ್ಟು ಮನೆಯ ಹತ್ತಡಿ ಎತ್ತರದ ತಾರಸಿಯನ್ನು ದಾಟಲು ಕೆಲವೊಮ್ಮೆ 50 ಮಿಲಿಸೆಕೆಂಡು ಕಾಯುತ್ತದೆ. ಅಷ್ಟರಲ್ಲಿ ಎದುರಾಳಿ ಗುಂಡು ಹಾರಿಸಿ ಮುಂದೆ ಹೋಗಿರುತ್ತಾನೆ. ಮಕ್ಕಳು ‘ಲ್ಯಾಗ್’ ಎಂದು ಕೂಗುವುದು ಇದಕ್ಕೇ, ಮತ್ತು ಈ ವಿಷಯದಲ್ಲಿ ಅವರ ದೂರು ಮನೆಯ ಹಿರಿಯರ ಊಹೆಗಿಂತ ನಿಖರವಾಗಿರುತ್ತದೆ.

ಈ ಸರದಿಯ ಕತೆ ಹವಾಯಿ ದ್ವೀಪಗಳಲ್ಲಿ ಶುರುವಾಗುತ್ತದೆ. ಅಲ್ಲಿನ ವಿಶ್ವವಿದ್ಯಾಲಯದಲ್ಲಿದ್ದ ನಾರ್ಮನ್ ಅಬ್ರಾಮ್ಸನ್ ಸಮುದ್ರದ ಅಲೆಗಳ ಮೇಲೆ ಹಲಗೆಯೇರಿ ಸವಾರಿ ಮಾಡುವ ಗೀಳಿನವರು. ಹವಾಯಿಗೆ ಹೋದದ್ದರಲ್ಲಿ ಆ ಗೀಳಿನ ಪಾಲೂ ಇತ್ತು. ದೂರದ ಟರ್ಮಿನಲ್‌ಗಳನ್ನು ಹೊನೊಲುಲುವಿನ ಕಂಪ್ಯೂಟರಿಗೆ ಜೋಡಿಸಲು ಅವರೂ ಸಂಗಡಿಗರೂ ರೇಡಿಯೋ ಹಿಡಿದರು. ಅಲೋಹಾನೆಟ್ ಎಂಬ ಆ ಜಾಲ 1971ರಲ್ಲಿ ಕೆಲಸ ಆರಂಭಿಸಿತು. ಅದರ ನಿಯಮ ಸರಳತೆಗೇ ಸವಾಲು ಹಾಕುವಂಥದ್ದು: ಹೇಳಬೇಕಾದದ್ದನ್ನು ಹೇಳಿಬಿಡು. ತಲುಪಿತು ಎಂಬ ಉತ್ತರ ಬಂದರೆ ಸರಿ. ಬಾರದಿದ್ದರೆ ಇನ್ನಾರೋ ಅದೇ ಹೊತ್ತಿಗೆ ಮಾತಾಡಿ ಎರಡೂ ಕೆಟ್ಟಿವೆ ಎಂದರ್ಥ. ಮನಸ್ಸಿಗೆ ತೋಚಿದಷ್ಟು ಹೊತ್ತು ಕಾದು ಮತ್ತೆ ಹೇಳು. ಯಜಮಾನನಿಲ್ಲ, ಪಾಳಿಯ ಪಟ್ಟಿಯಿಲ್ಲ, ಇರುವುದು ಆಕಸ್ಮಿಕತೆ ಮಾತ್ರ. ಲೆಕ್ಕ ಹಾಕಿದರೆ ಇಂಥ ವ್ಯವಸ್ಥೆಯಲ್ಲಿ ಚಾನೆಲ್ಲಿನ ಶೇ 18ರಷ್ಟು ಕಾಲವಷ್ಟೇ ಉಪಯೋಗಕ್ಕೆ ಬರುತ್ತದೆ. ಉಳಿದದ್ದು ಮೌನ ಅಥವಾ ಡಿಕ್ಕಿ. ಆದರೂ ಅದು ನಡೆಯಿತು. ಅದರ ಬಗ್ಗೆ ಅಬ್ರಾಮ್ಸನ್ ಬರೆದ ಪ್ರಬಂಧವನ್ನು ಓದಿ, ಲೆಕ್ಕವನ್ನು ತಿದ್ದಿದ ರಾಬರ್ಟ್ ಮೆಟ್‌ಕಾಫ್ 1973ರಲ್ಲಿ, ಕಂಪ್ಯೂಟರುಗಳನ್ನು ತಂತಿಯಿಂದ ಜೋಡಿಸುವ ಈಥರ್ನೆಟ್ಟಿನ ಯೋಜನೆ ಬರೆದರು. 1997ರಲ್ಲಿ ವೈಫೈಯ ಮೊದಲ ಮಾನದಂಡ ಬಂದಾಗಲೂ ಅದರ ಹೊಟ್ಟೆಯೊಳಗೆ ಇದ್ದದ್ದು ಇದೇ ಬುದ್ಧಿ, ಒಂದು ತಿದ್ದುಪಡಿಯೊಂದಿಗೆ: ಮಾತಾಡುವ ಮುನ್ನ ಕೇಳಿಸಿಕೋ.

ಕೇಳಿಸಿಕೊಳ್ಳುವುದು ಹೀಗೆ. ವೈಫೈ ಮುಖ್ಯವಾಗಿ ಬಳಸುವುದು 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ರೇಡಿಯೋ ಪಟ್ಟಿಗಳನ್ನು. 5 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವ ಉಪಕರಣ ಗಾಳಿ ನಿಶ್ಶಬ್ದವಾಗುವುದನ್ನೇ ಕಾಯುತ್ತದೆ. ನಿಶ್ಶಬ್ದವಾದರೂ ಕೂಡಲೇ ಬಾಯಿ ತೆರೆಯುವುದಿಲ್ಲ. ಸಾಮಾನ್ಯವಾಗಿ ಸೊನ್ನೆಯಿಂದ 15ರೊಳಗೆ ಒಂದು ಸಂಖ್ಯೆಯನ್ನು ಚೀಟಿ ಎತ್ತಿದಂತೆ ಆರಿಸಿ, ಅಷ್ಟು ಬಾರಿ 9 ಮೈಕ್ರೋಸೆಕೆಂಡುಗಳನ್ನು ಎಣಿಸುತ್ತದೆ. ನಡುವೆ ಬೇರೆಯವರು ಶುರುಮಾಡಿದರೆ ಎಣಿಕೆ ನಿಲ್ಲಿಸಿ ಮತ್ತೆ ಕಾಯುತ್ತದೆ. ಕಳಿಸಿದ್ದಕ್ಕೆ ಉತ್ತರ ಬಾರದಿದ್ದರೆ ಮುಂದಿನ ಬಾರಿ ಚೀಟಿ 31ರವರೆಗೆ, ಆಮೇಲೆ 63, ಹೀಗೆ ದುಪ್ಪಟ್ಟಾಗುತ್ತ 1023ರವರೆಗೆ ಬೆಳೆಯಬಹುದು. ಅಂದರೆ ಎಣಿಕೆಯೊಂದೇ 9 ಮಿಲಿಸೆಕೆಂಡಿನವರೆಗೆ; ನಡುವೆ ಬಾಯಿ ಹಾಕಿದವರ ಹೊತ್ತು ಅದರ ಮೇಲೆ. ಕನ್ಸೋಲಿನ ಪ್ಯಾಕೆಟ್ಟು ಸಿಕ್ಕಿಬೀಳುವುದು ಇಲ್ಲಿಯೇ.

ಇದರಲ್ಲೊಂದು ಸೊಗಸಾದ ತೊಡಕಿದೆ. ಕೇಳಿಸಿಕೊಂಡು ಮಾತಾಡುವ ನಿಯಮ ಪರಸ್ಪರ ಕೇಳಿಸಿದರಷ್ಟೇ ನಡೆಯುತ್ತದೆ. ರೂಟರ್ ಮೆಟ್ಟಿಲ ಬಳಿ ಇದೆ ಎನ್ನಿ. ಮಹಡಿಯ ಹಿಂಬದಿ ಕೋಣೆಯ ಕಂಪ್ಯೂಟರಿಗೂ ಕೆಳಗಿನ ಮುಂಬದಿ ಕೋಣೆಯ ಟಿವಿಗೂ ರೂಟರ್ ಕೇಳಿಸುತ್ತದೆ, ಆದರೆ ಒಂದಕ್ಕೆ ಇನ್ನೊಂದು ಕೇಳಿಸುವುದಿಲ್ಲ, ನಡುವೆ ಕಾಂಕ್ರೀಟು. ಎರಡೂ ಗಾಳಿ ಖಾಲಿಯಿದೆ ಎಂದು ನಂಬಿ ಒಟ್ಟಿಗೆ ಮಾತಾಡುತ್ತವೆ, ರೂಟರಿನ ಬಳಿ ಡಿಕ್ಕಿ. 1971ರ ಹವಾಯಿಯ ಟರ್ಮಿನಲ್‌ಗಳಿಗೂ ಒಂದರ ಮಾತು ಇನ್ನೊಂದಕ್ಕೆ ಕೇಳಿಸುತ್ತಿರಲಿಲ್ಲ. ಮನೆಗೊಂದು ತಾರಸಿ ಹಾಕಿ ನಾವು ಅದೇ ದ್ವೀಪಗಳಿಗೆ ಮರಳಿದ್ದೇವೆ.

ಇನ್ನು ನನಗೆ ಅತ್ಯಂತ ಇಷ್ಟವಾದ ಲೆಕ್ಕ. ಸಿಗ್ನಲ್ ಚೆನ್ನಾಗಿದ್ದರೆ ವೈಫೈ 6ರ ಉಪಕರಣ ಒಂದೊಂದು ಸಂಕೇತದಲ್ಲಿ 10 ಬಿಟ್ ತುಂಬುತ್ತದೆ. ಕುಗ್ಗಿದರೆ ಒಂದೇ ಬಿಟ್ ಹೇಳಿ, ಅದನ್ನೂ ತಿದ್ದುಪಡಿಯ ಬಿಟ್‌ಗಳ ಜೊತೆಗೆ ಕಳಿಸುತ್ತದೆ. 1500 ಬೈಟುಗಳ ಪ್ಯಾಕೆಟ್ಟೊಂದು 600 ಎಂಬಿಪಿಎಸ್ ವೇಗದಲ್ಲಿ ಗಾಳಿಯಲ್ಲಿ ಇರುವುದು 20 ಮೈಕ್ರೋಸೆಕೆಂಡು. ಅದೇ ಪ್ಯಾಕೆಟ್ಟು 6 ಎಂಬಿಪಿಎಸ್‌ನಲ್ಲಿ 2000 ಮೈಕ್ರೋಸೆಕೆಂಡು. ಸರದಿ ಮಾತ್ರ ಇಬ್ಬರಿಗೂ ಸಮ: ನಿನಗೊಂದು ಪ್ಯಾಕೆಟ್, ನನಗೊಂದು ಪ್ಯಾಕೆಟ್. ಹೀಗಾಗಿ ರೂಟರಿನ ಪಕ್ಕದಲ್ಲೇ ಕುಳಿತ, 600ರ ಸಾಮರ್ಥ್ಯವುಳ್ಳ ಲ್ಯಾಪ್‌ಟಾಪು ಮಹಡಿಯ ಬಡಪಾಯಿ ಕಂಪ್ಯೂಟರು ಮುಗಿಸುವವರೆಗೆ ಕಾಯಬೇಕು. ಕೂಡಿಸಿ ಭಾಗಿಸಿದರೆ ಅದಕ್ಕೂ ಸಿಗುವುದು ಸುಮಾರು 6 ಎಂಬಿಪಿಎಸ್. ಅಜ್ಜಿಯ ಧಾರಾವಾಹಿ ಕೆಳಗೆ ನಿಂತುಹೋದರೆ ಅಪರಾಧಿ ಮೇಲಿನ ಕೋಣೆಯಲ್ಲಿರಬಹುದು. ಅವನು ಹೆಚ್ಚು ಡೇಟಾ ಬಳಸುತ್ತಿದ್ದಾನೆಂದಲ್ಲ, ಕಡಿಮೆ ಡೇಟಾವನ್ನು ಬಹಳ ನಿಧಾನವಾಗಿ ಕಳಿಸುತ್ತಿದ್ದಾನೆಂದು! ಹೊಸ ರೂಟರ್‌ಗಳು ತಾವು ಕಳಿಸುವಾಗ ಪ್ಯಾಕೆಟ್ಟಿನ ಬದಲು ಕಾಲವನ್ನು ಸಮನಾಗಿ ಹಂಚಲು ಯತ್ನಿಸುತ್ತವೆ. ವೈಫೈ 6ರಿಂದೀಚೆಗೆ ರೂಟರೇ ಸರದಿ ಗೊತ್ತುಮಾಡುವ ಏರ್ಪಾಡೂ ಇದೆ. ಆದರೆ ಅದನ್ನು ಅರಿಯದ ಹಳೆಯ ಉಪಕರಣಗಳು ಮನೆಯಲ್ಲಿರುವ ತನಕ ಹಳೆಯ ಚೀಟಿ ಎತ್ತುವ ಆಟ ತಪ್ಪುವುದಿಲ್ಲ. 300ರ ಪ್ಲ್ಯಾನಿಗೆ ಹಣ ಕಟ್ಟಿದರೆ ಇದರಲ್ಲಿ ಏನೂ ಬದಲಾಗುವುದಿಲ್ಲ ಎಂಬುದು ಈಗ ತಾನೇ ತಿಳಿದಿರಬೇಕು.

ಮಹಡಿಗೆ ಸಿಗ್ನಲ್ ಕುಗ್ಗುವುದೇಕೆ? ತಾರಸಿಯೊಳಗಿನ ಕಂಬಿಗಳು ತಡೆಯುತ್ತವೆ ಎಂಬುದು ರೂಢಿಯ ಉತ್ತರ. 2.4 ಗಿಗಾಹರ್ಟ್ಸ್ ಅಲೆಯ ಉದ್ದ 12.5 ಸೆಂಟಿಮೀಟರ್, 5 ಗಿಗಾಹರ್ಟ್ಸ್‌ನದು ಸುಮಾರು 6. ಮೋಲ್ಡಿಗೆ ಮುನ್ನ ಐದಾರು ಇಂಚಿಗೊಂದರಂತೆ ಕಟ್ಟಿದ ಕಂಬಿಗಳ ನಡುವೆ 5 ಗಿಗಾಹರ್ಟ್ಸ್ ಅಲೆ ಬೇಕಾದಷ್ಟು ನುಸುಳಬಲ್ಲದು. ಮೈಕ್ರೋವೇವ್ ಒಲೆಯ ಬಾಗಿಲಿನ ಜಾಲರಿ ಅಲೆಯನ್ನು ತಡೆಯುವುದು ಅದರ ತೂತುಗಳು ಅಲೆಗಿಂತ ಬಹಳ ಚಿಕ್ಕವಾಗಿರುವುದರಿಂದ. ಆದ್ದರಿಂದ ಕಂಬಿಗಳ ಪಾಲು ಇದ್ದರೂ, ಹೆಚ್ಚಿನದನ್ನು ನುಂಗುವುದು ಐದಿಂಚು ದಪ್ಪದ ಕಾಂಕ್ರೀಟು ಮತ್ತು ಅದರೊಳಗಿನ ತೇವ. ಗೋಡೆ ದಾಟುವುದೇನೂ ಹೊಸ ವಿದ್ಯೆಯಲ್ಲ. 1895ರಲ್ಲೇ ಜಗದೀಶಚಂದ್ರ ಬೋಸರು ಕಲ್ಕತ್ತೆಯ ಟೌನ್ ಹಾಲಿನಲ್ಲಿ ಅದೃಶ್ಯ ಅಲೆಗಳನ್ನು ಗೋಡೆಯಾಚೆಗೆ ಕಳಿಸಿ ಗಂಟೆ ಬಾರಿಸಿದ್ದರು, ಮದ್ದಿನ ಪುಡಿ ಸಿಡಿಸಿದ್ದರು. ಅವರು ಪ್ರಯೋಗಿಸಿದ ಅಲೆಗಳಲ್ಲಿ ಕೆಲವು 5 ಮಿಲಿಮೀಟರಿನಷ್ಟು ಚಿಕ್ಕವು, ಅಂದರೆ 60 ಗಿಗಾಹರ್ಟ್ಸ್. ಆದರೆ ಬೋಸರು ಗೋಡೆಯಾಚೆಗೆ ಗಂಟೆಯ ಸದ್ದಿನಷ್ಟನ್ನೇ ಕಳಿಸಬೇಕಿತ್ತು, ಪರದೆ ತುಂಬ ಚಲಿಸುವ ಚಿತ್ರವನ್ನಲ್ಲ.

ಕೊಂಬುಗಳ ವಿಷಯ. ನೆಟ್ಟಗೆ ನಿಂತ ಆಂಟೆನಾದಿಂದ ಅಲೆಗಳು ಹೊಮ್ಮುವ ಆಕಾರ ಉದ್ದಿನ ವಡೆಯದು. ಕೊಂಬು ನಿಂತಿರುವುದು ವಡೆಯ ತೂತಿನಲ್ಲಿ. ಸುತ್ತಲಿನ ಕೋಣೆಗಳಿಗೆ ವಡೆ ಸಿಗುತ್ತದೆ, ನೇರ ಮೇಲಿನ ಕೋಣೆಗೆ ತೂತು ಮಾತ್ರ. ಒಂದು ಕೊಂಬನ್ನು ಅಡ್ಡ ಮಲಗಿಸಿ ನೋಡಿ. ಖರ್ಚಿಲ್ಲದ ಉಪಾಯ, ಫಲವೂ ಉಂಟು. ರೂಟರನ್ನು ಚಪ್ಪಲಿ ಬೀರುವಿನಿಂದಲೋ ಟಿವಿಯ ಹಿಂದಿನಿಂದಲೋ ತೆಗೆದು ಮೆಟ್ಟಿಲು ಕಾಣುವ ಎತ್ತರದ ಜಾಗಕ್ಕೆ ತಂದರೆ ಇನ್ನೂ ಒಳ್ಳೆಯದು. ಕಾಂಕ್ರೀಟಿನ ನಡುವೆ ಮೆಟ್ಟಿಲಿಗೆಂದು ಬಿಟ್ಟ ಕಂಡಿಯೇ ಅಲೆಗಳಿಗೂ ಹೆದ್ದಾರಿ. ಫೈಬರ್ ಎಳೆದವರು ತಮಗೆ ಹತ್ತಿರವಾದ ಕಿಟಕಿಯ ಚೌಕಟ್ಟಿಗೆ ತೂತು ಹೊಡೆದು ಪೆಟ್ಟಿಗೆ ಅಲ್ಲೇ ನೇತುಹಾಕಿ ಹೋಗಿರುತ್ತಾರೆ. ಅದನ್ನು ವಿಧಿಲಿಖಿತವೆಂದು ಒಪ್ಪಿಕೊಳ್ಳಬೇಕಾಗಿಲ್ಲ.

ಪ್ಲಗ್ಗಿಗೆ ಸಿಕ್ಕಿಸುವ ರಿಪೀಟರ್ ಬಗ್ಗೆ ನನಗೆ ಗೌರವವಿಲ್ಲ. ಒಂದೇ ರೇಡಿಯೋ ಇರುವ ರಿಪೀಟರ್ ಪ್ರತಿ ಪ್ಯಾಕೆಟ್ಟನ್ನೂ ಕೇಳಿಸಿಕೊಂಡು ಮತ್ತೆ ಹೇಳುತ್ತದೆ, ಎರಡು ಸರದಿ ತಿನ್ನುತ್ತದೆ. ಗೆರೆಗಳು ತುಂಬುತ್ತವೆ, ವೇಗ ಅರ್ಧವಾಗುತ್ತದೆ, ಲ್ಯಾಗ್ ಹೆಚ್ಚುತ್ತದೆ. ಮನೆಯ ಹಲವೆಡೆ ಇಟ್ಟು ಒಂದೇ ವೈಫೈ ಹರಡುವ ಮೆಶ್ ಪೆಟ್ಟಿಗೆಗಳು, ತಮ್ಮೊಳಗಿನ ಮಾತಿಗೆಂದೇ ಬೇರೆ ರೇಡಿಯೋ ಇದ್ದರೆ, ಪರವಾಗಿಲ್ಲ. ಕರೆಂಟಿನ ತಂತಿಯ ಮೂಲಕವೇ ಇಂಟರ್ನೆಟ್ ಸಾಗಿಸುವ ಅಡಾಪ್ಟರುಗಳೂ ಇವೆ. ನಮ್ಮಲ್ಲಿ ಮೂರು ಫೇಸಿನ ಮನೆಗಳಲ್ಲಿ ಕೆಳಗೊಂದು ಫೇಸು, ಮೇಲೊಂದು ಫೇಸು ಇರುವುದುಂಟು. ಆಗ ಅವು ಮುಗ್ಗರಿಸುತ್ತವೆ.

ಮಕ್ಕಳ ಕೋಣೆಗೆ ರೂಟರ್ ಬೇಡ, ‘ರೇಡಿಯೇಷನ್’ ಎನ್ನುವವರಿಗೂ ಒಂದು ಮಾತು. ವೈಫೈ ರೇಡಿಯೋ ಹೊರಸೂಸುವುದು ಸಾಮಾನ್ಯವಾಗಿ ವಾಟ್‌ನ ಹತ್ತನೇ ಒಂದು ಭಾಗದ ಆಸುಪಾಸು. ಅದರ ಅಲೆಗೆ ಅಣುಗಳ ಬಂಧ ಮುರಿಯುವ ಶಕ್ತಿಯಿಲ್ಲ. ಆ ಕೆಲಸಕ್ಕೆ ಬಿಸಿಲಿನ ಅತಿನೇರಳೆ ಕಿರಣ ಬೇಕು. 2020ರ ಅಕ್ಟೋಬರಿನಲ್ಲಿ ಗೋಸಂರಕ್ಷಣೆಗೆಂದು ಕೇಂದ್ರ ಸರ್ಕಾರ ರಚಿಸಿದ್ದ ರಾಷ್ಟ್ರೀಯ ಕಾಮಧೇನು ಆಯೋಗದ ಅಧ್ಯಕ್ಷರೇ ಸಗಣಿಯ ಚಿಪ್ ಬಿಡುಗಡೆ ಮಾಡಿ ಅದು ಮೊಬೈಲಿನ ವಿಕಿರಣ ತಗ್ಗಿಸುತ್ತದೆ ಎಂದರು. ಪುರಾವೆ ಕೊಡಿ ಎಂದು ವಿಜ್ಞಾನಿಗಳು ಪತ್ರ ಬರೆದರು. ಪುರಾವೆಯ ಮಾತಿರಲಿ, ತರ್ಕವನ್ನೇ ನೋಡಿ: ಅಂಥ ಚಿಪ್ಪು ನಿಜಕ್ಕೂ ಅಲೆಗಳನ್ನು ತಡೆದರೆ ಮೊಬೈಲ್ ಟವರನ್ನು ಮುಟ್ಟಲು ಇನ್ನೂ ಗಟ್ಟಿಯಾಗಿ ಕೂಗುತ್ತದೆ. ರೂಟರಿಗೆ ಅಂಟಿಸುವ ‘ಆ್ಯಂಟಿ ರೇಡಿಯೇಷನ್’ ಸ್ಟಿಕ್ಕರುಗಳು ಮಾತ್ರ ಏನನ್ನೂ ತಡೆಯುವುದಿಲ್ಲವಾದ್ದರಿಂದ ಹಾನಿಯಿಲ್ಲ, ಜೇಬಿನ ಹೊರತು.

ಕದಲದ ವಸ್ತುವನ್ನು ಗಾಳಿಯ ಸರದಿಯಿಂದ ಹೊರಗೆ ತೆಗೆಯುವುದು ನಿಜವಾದ ಪರಿಹಾರ. ಮಹಡಿಯ ಕಂಪ್ಯೂಟರೂ ಕನ್ಸೋಲೂ ನಡೆದಾಡುವುದಿಲ್ಲ. ಅವಕ್ಕೆ ತಂತಿ ಕೊಡಿ. ಕ್ಯಾಟ್ 6 ಎಂಬ ನೆಟ್‌ವರ್ಕ್ ಕೇಬಲ್ 100 ಮೀಟರ್‌ವರೆಗೆ ಸೆಕೆಂಡಿಗೆ ಒಂದು ಗಿಗಾಬಿಟ್ ಸಾಗಿಸುತ್ತದೆ, ಹೋಗುವ ಬರುವ ಎರಡೂ ದಿಕ್ಕಿನಲ್ಲಿ ಒಟ್ಟಿಗೆ. ಅಲ್ಲಿ ಚೀಟಿ ಎತ್ತುವುದಿಲ್ಲ, ಕಾಯುವುದಿಲ್ಲ. ಪ್ಲೇಸ್ಟೇಷನ್ 5ರ ಬೆನ್ನಿನಲ್ಲಿ ಕಿಂಡಿ ಸಿದ್ಧವಿದೆ. ಮೊದಲ ನಿಂಟೆಂಡೊ ಸ್ವಿಚ್ಚಿನ ಡಾಕ್‌ಗೆ ಯುಎಸ್‌ಬಿ ಅಡಾಪ್ಟರ್ ಬೇಕು. 2013ರ ಮೊದಲ ಪ್ಲೇಸ್ಟೇಷನ್ 4 ಇದ್ದವರಿಗಂತೂ ತಂತಿ ಅನಿವಾರ್ಯವೆನ್ನಿ: ಅದರ ವೈಫೈಗೆ 5 ಗಿಗಾಹರ್ಟ್ಸ್ ಗೊತ್ತೇ ಇಲ್ಲ. 2.4ರಲ್ಲಿ ಬ್ಲೂಟೂತ್ ಕಂಟ್ರೋಲರ್, ಮೈಕ್ರೋವೇವ್ ಒಲೆ, 30×40 ಅಡಿ ಸೈಟಿನಲ್ಲಿ ಗೋಡೆಗೆ ಗೋಡೆ ತಾಗಿಸಿ ಕಟ್ಟಿದ ನೆರೆಮನೆಗಳ ರೂಟರ್‌ಗಳು ಎಲ್ಲ ಕಿಕ್ಕಿರಿದಿವೆ.

ಮೊಬೈಲುಗಳಿಗಾಗಿ ಅದೇ ಕೇಬಲಿನ ಮೇಲಿನ ತುದಿಗೆ ಅಟ್ಟದಲ್ಲಿರುವ ಹಳೆಯ ರೂಟರನ್ನು ಸಿಕ್ಕಿಸಬಹುದು. ಉಪಕರಣಗಳಿಗೆ ವಿಳಾಸ ಹಂಚುವ ಅದರ ಡಿಎಚ್‌ಸಿಪಿ ಸೌಲಭ್ಯವನ್ನು ಆಫ್ ಮಾಡಿ, ಕೆಳಗಿನ ರೂಟರಿಗಿಂತ ಬೇರೆ ಐಪಿ ವಿಳಾಸ ಕೊಟ್ಟು, ಕೇಬಲನ್ನು ವ್ಯಾನ್ ಕಿಂಡಿಗೆ ಹಾಕದೆ ಲ್ಯಾನ್ ಕಿಂಡಿಗೆ ಹಾಕಬೇಕು. ಇಲ್ಲದಿದ್ದರೆ ಎರಡು ರೂಟರ್‌ಗಳೂ ವಿಳಾಸ ಬದಲಿಸುವ ‘ನ್ಯಾಟ್’ ಕೆಲಸಕ್ಕೆ ನಿಂತು, ಕನ್ಸೋಲ್ ಅದು ಸರಿಯಿಲ್ಲವೆಂದು ಗೊಣಗುತ್ತ ಗೆಳೆಯರ ಮಾತು ಕೇಳಿಸದಂತೆ ಮಾಡಬಹುದು. ವೈಫೈ ಹೆಸರು, ಪಾಸ್‌ವರ್ಡ್ ಕೆಳಗಿನದೇ ಇರಲಿ, ಚಾನೆಲ್ ಮಾತ್ರ ಬೇರೆಯಾಗಿರಲಿ: 2.4ರಲ್ಲಿ ಕೆಳಗೆ 1 ಇದ್ದರೆ ಮೇಲೆ 6 ಅಥವಾ 11. ಆಗ ತಾರಸಿ ಶತ್ರುವಾಗಿ ಉಳಿಯುವುದಿಲ್ಲ. ಮೇಲಿನ ಮಾತು ಕೆಳಗೆ ಕೇಳಿಸದಂತೆ ನೋಡಿಕೊಳ್ಳುತ್ತದೆ.

ಕೇಬಲ್ ಕೊಳ್ಳುವಾಗ ಅಪ್ಪಟ ತಾಮ್ರದ್ದನ್ನೇ ಕೇಳಿ. ಬೆಂಗಳೂರಿನ ಎಸ್‌ಪಿ ರಸ್ತೆಯಿರಲಿ, ನಿಮ್ಮೂರಿನ ಅಂಗಡಿಯಿರಲಿ, ಅಲ್ಯೂಮಿನಿಯಂ ಎಳೆಗೆ ತಾಮ್ರ ಲೇಪಿಸಿದ ಅಗ್ಗದ ಮಾಲು ಅದೇ ಹೆಸರಿನಲ್ಲಿ ಮಾರಾಟವಾಗುತ್ತದೆ. ಚಾಕುವಿನಿಂದ ಎಳೆಯನ್ನು ಕೆರೆದರೆ ಒಳಗಿನ ಬಿಳುಪು ಕಾಣುತ್ತದೆ. ನಾಲ್ಕು ಸಲ ಬಗ್ಗಿಸಿದರೆ ಮುರಿಯುತ್ತದೆ. ಗೋಡೆಯೊಳಗಿನ ಕರೆಂಟಿನ ಪೈಪಿನಲ್ಲೇ ಕೇಬಲನ್ನು ತುರುಕಲು ಎಲೆಕ್ಟ್ರಿಷಿಯನ್ ಹೊರಟರೆ ತಡೆಯಿರಿ, ಅದು ಅಪಾಯ. ಮೆಟ್ಟಿಲ ಪಕ್ಕದ ಗೋಡೆಗೆ ಬೇರೆಯದೇ ಪ್ಲಾಸ್ಟಿಕ್ ಕೇಸಿಂಗ್ ಪಟ್ಟಿ ಹೊಡೆಸಿ. ಗೋಡೆಯ ಬಣ್ಣವನ್ನೇ ಅದಕ್ಕೂ ಬಳಿದರೆ ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ.