ಶ್ವಾಸಕೋಶದ ಉರಿಯೂತ ಬೇರೆ, ಕಲೆಗಟ್ಟುವುದು ಬೇರೆ

ಸೈಟೊಕೈನ್‌ಗಳ, ಅಂದರೆ ಜೀವಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವ ಪ್ರೊಟೀನ್‌ಗಳ, ಹೆಸರು ಬಾಯಿಪಾಠ ಮಾಡಿ ಮರುದಿನವೇ ಮರೆತವರಲ್ಲಿ ನಾನೂ ಒಬ್ಬ. ತಲೆಗೆ ಹತ್ತಿದ್ದು ದಾವಣಗೆರೆಯ ವಾರ್ಡಿನಲ್ಲಿ, ಚಿತ್ರದುರ್ಗದ ಕಡೆಯ ಕಲ್ಲು ಒಡೆಯುವ ಯಜಮಾನರೊಬ್ಬರನ್ನು ನೋಡಿದ ಮೇಲೆ. ಸಿಲಿಕೋಸಿಸ್, ಅಂದರೆ ಕಲ್ಲಿನ ಪುಡಿ ಉಸಿರಾಡಿ ಶ್ವಾಸಕೋಶ ಕಲೆಗಟ್ಟುವ ಕಾಯಿಲೆ. ಕೆಲಸ ಬಿಟ್ಟು ವರ್ಷಗಳಾದರೂ ಏದುಸಿರು ಜಾಸ್ತಿಯೇ ಆಗುತ್ತಿತ್ತು. ಯಾಕೆ?

ಕಲ್ಲಿನ ಪುಡಿಯಲ್ಲಿರುವ ಸಿಲಿಕಾ ಕಣ ಗಾಳಿಚೀಲದ ತನಕ ಇಳಿಯುತ್ತದೆ. ಅಲ್ಲಿ ಕಾವಲಿಗಿರುವ ಮ್ಯಾಕ್ರೊಫೇಜ್ ಎಂಬ ರಕ್ಷಣಾ ಜೀವಕೋಶ ಅದನ್ನು ನುಂಗುತ್ತದೆ. ಬ್ಯಾಕ್ಟೀರಿಯಾ ಆಗಿದ್ದರೆ ಅರಗುತ್ತಿತ್ತು, ಕಲ್ಲು ಅರಗುತ್ತದಾ? ಒಳಗೆ ಎನ್‌ಎಲ್‌ಆರ್‌ಪಿ3 ಇನ್‌ಫ್ಲಮಸೋಮ್ ಎಂಬ ಅಪಾಯದ ಗಂಟೆ ಎಚ್ಚರವಾಗಿ, ಉರಿಯೂತ ಹಚ್ಚುವ ಐಎಲ್-1 ಬೀಟಾ ಎಂಬ ಸೈಟೊಕೈನ್ ಹೊರಬರುತ್ತದೆ. ಮ್ಯಾಕ್ರೊಫೇಜ್ ಸಾಯುತ್ತದೆ, ಕಣ ಹೊರಗೆ ಬೀಳುತ್ತದೆ, ಇನ್ನೊಂದು ಬಂದು ಅದನ್ನೇ ನುಂಗುತ್ತದೆ. ಪುಡಿ ಒಳಗೇ ಇರುವಾಗ ಕೆಲಸ ಬಿಟ್ಟರೇನು ಬಂತು!

ಟಿಎನ್‌ಎಫ್ ಎಂಬ ಇನ್ನೊಂದು ಸೈಟೊಕೈನ್ ಉರಿ ಹೆಚ್ಚಿಸುತ್ತದೆ, ಐಎಲ್-8 ಎಂಬುದು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳನ್ನು ಕರೆಯುತ್ತದೆ. ಉರಿಯೂತದ ಬಗ್ಗೆ ಇಷ್ಟು ಸಾಕು.

ಕಲೆಗಟ್ಟುವುದರ ನಿಜವಾದ ಕಥೆ ಟಿಜಿಎಫ್-ಬೀಟಾ ಎಂಬ ಸೈಟೊಕೈನಿನದ್ದು. ಇದು ಅಂಗಾಂಶದಲ್ಲಿ ಮೊದಲೇ ಡಬ್ಬಿಯೊಳಗೆ ಮುಚ್ಚಿಟ್ಟ ಹಾಗೆ ಕೂತಿರುತ್ತದೆ. ಪೆಟ್ಟು ತಿಂದ ಒಳಪದರದ ಜೀವಕೋಶಗಳು ಇಂಟೆಗ್ರಿನ್ ಎಂಬ ಕೊಕ್ಕೆಯಿಂದ ಜಗ್ಗಿ ಆ ಮುಚ್ಚಳ ತೆಗೆಯುತ್ತವೆ. ಆಗ ಅಂಗಾಂಶಕ್ಕೆ ನಾರು ಹೆಣೆಯುವ ಫೈಬ್ರೊಬ್ಲಾಸ್ಟ್ ಜೀವಕೋಶ ಹೋಗಿ ಸ್ನಾಯುವಿನ ಹಾಗೆ ಬಿಗಿಯುವ ಮಯೊಫೈಬ್ರೊಬ್ಲಾಸ್ಟ್ ಆಗುತ್ತದೆ, ಕಲೆಯ ನಾರಾದ ಕೊಲಾಜನ್ ಸುರಿಯುತ್ತದೆ. ಅಂಗಾಂಶ ಗಟ್ಟಿಯಾದಷ್ಟೂ ಆ ಜಗ್ಗಾಟಕ್ಕೆ ಬಿಗಿ ಸಿಗುತ್ತದೆ, ಇನ್ನಷ್ಟು ಮುಚ್ಚಳ ತೆರೆಯುತ್ತವೆ. ಅಂದರೆ ಕಲೆಯೇ ಕಲೆಯನ್ನು ಬೆಳೆಸುತ್ತದೆ.

ಹಾಗಾದರೆ ಟಿಜಿಎಫ್-ಬೀಟಾವನ್ನೇ ಪೂರ್ತಿ ನಿಲ್ಲಿಸಬಾರದಾ? ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಉರಿಯೂತಕ್ಕೆ ಕಡಿವಾಣ ಹಾಕುವುದೂ ಇದೇ. ಟಿಜಿಎಫ್-ಬೀಟಾ1 ಜೀನ್ ತೆಗೆದ ಇಲಿಮರಿಗಳು ಹಲವು ಅಂಗಗಳ ಉರಿಯೂತದಿಂದ ಹುಟ್ಟಿದ ಕೆಲವೇ ವಾರಗಳಲ್ಲಿ ಸತ್ತವು. ಇದನ್ನು 1992ರಲ್ಲೇ ತೋರಿಸಿದ್ದಾರೆ.

ಉರಿಯೂತ ತಗ್ಗಿಸಿದರೆ ಕಲೆ ನಿಲ್ಲುತ್ತದೆ ಅನ್ನುವುದೂ ಸುಮ್ನೆ ನಂಬಿಕೆ. ಕಾರಣ ಗೊತ್ತಿಲ್ಲದೆ ಶ್ವಾಸಕೋಶ ಕಲೆಗಟ್ಟುವ ಇಡಿಯೋಪಥಿಕ್ ಪಲ್ಮನರಿ ಫೈಬ್ರೋಸಿಸ್, ಅಂದರೆ ಐಪಿಎಫ್‌ನಲ್ಲಿ ಉರಿಯೂತ ತಗ್ಗಿಸುವ ಪ್ರೆಡ್ನಿಸೋನ್, ಅಜಥಯೊಪ್ರಿನ್ ಜೊತೆಗೆ ಎನ್-ಅಸಿಟೈಲ್‌ಸಿಸ್ಟೀನ್ ಒಟ್ಟಿಗೆ ಕೊಟ್ಟ ಗುಂಪಿನಲ್ಲೇ ಸಾವು ಜಾಸ್ತಿ ಎಂದು 2012ರ ಪ್ಯಾಂಥರ್ ಪ್ರಯೋಗ ಹೇಳಿತು. 2014ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಪಿರ್ಫೆನಿಡೋನ್, ನಿಂಟೆಡಾನಿಬ್ ಔಷಧಗಳು ಕಲೆ ಬೆಳೆಯುವ ವೇಗ ಇಳಿಸುತ್ತವೆ, ಆದ ಕಲೆಯನ್ನು ಅಳಿಸುವುದಿಲ್ಲ.

ಒಂದು ಮಾತು. ಕಿವಿಯ ಹತ್ತಿರ ನಾಲ್ಕು ಕೂದಲನ್ನು ಬೆರಳಲ್ಲಿ ಹೊಸಕಿ ನೋಡಿ. ಆ ಚರಚರ ಸದ್ದೇ ಐಪಿಎಫ್‌ನಲ್ಲಿ ಬೆನ್ನಿನ ಕೆಳಭಾಗದಲ್ಲಿ, ಉಸಿರು ಎಳೆಯುವಾಗ ಸ್ಟೆತಾಸ್ಕೋಪಿಗೆ ಕೇಳುವುದು. ನಮ್ಮ ಕಲ್ಲಿನ ಯಜಮಾನರಲ್ಲಿ ಅದು ಇರಲಿಲ್ಲ. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಸಿಲಿಕೋಸಿಸ್ ಮತ್ತು ಐಪಿಎಫ್ ಎರಡನ್ನೂ ಕಲಸಬೇಡಿ, ನಾನು ಕಲಸಿ ಬೈಸಿಕೊಂಡಿದ್ದೇನೆ.