ಎಲ್ಲವೂ 19 ಇಂಚಿನವೇ, ಆದರೂ ಕೂರುವುದಿಲ್ಲ

"ಸರ್ವರ್‌ಗಳೆಲ್ಲ 19 ಇಂಚಿನವೇ ಅಲ್ವಾ, ಯಾವ ರ‍್ಯಾಕ್‌ನಲ್ಲಾದರೂ ಕೂರುತ್ತವೆ ಬಿಡಿ" ಎನ್ನುವವರು ಜಾಸ್ತಿ. ಇದು ಅರ್ಧ ನಿಜ. ರ‍್ಯಾಕ್ ಅಂದರೆ ಸರ್ವರ್ ಕಂಪ್ಯೂಟರ್‌ಗಳನ್ನು ಒಂದರ ಮೇಲೊಂದು ಕೂರಿಸುವ ನಾಲ್ಕು ಕಂಬದ ಚೌಕಟ್ಟು. ಮುಂಭಾಗದ ಅಗಲ ಎಲ್ಲರದ್ದೂ ಒಂದೇ, ಎತ್ತರದ ಲೆಕ್ಕವೂ ಒಂದೇ: 1ಯು ಅಂದರೆ 44.45 ಮಿ.ಮೀ. ಆದರೆ ಮುಂದಿನ ಕಂಬಕ್ಕೂ ಹಿಂದಿನ ಕಂಬಕ್ಕೂ ನಡುವಿನ ದೂರ ರ‍್ಯಾಕ್‌ನಿಂದ ರ‍್ಯಾಕ್‌ಗೆ ಬೇರೆ. ಸರ್ವರ್ ಜಾರಿಸಿ ಕೂರಿಸುವ ಪಕ್ಕದ ಪಟ್ಟಿ, ಅಂದರೆ ರೈಲ್, ಇಂತಿಷ್ಟು ದೂರದವರೆಗೆ ಮಾತ್ರ ಹಿಗ್ಗುತ್ತದೆ. ಹಾಗಾಗಿ ನಾನು ಮೊದಲು ಟೇಪ್ ಹಿಡಿದು ಕಂಬದಿಂದ ಕಂಬಕ್ಕೆ ಅಳೆಯುತ್ತೇನೆ. ಕ್ಯಾಬಿನೆಟ್‌ನ ಹೊರಗಿನ ಆಳ ನೋಡಿ ಮೋಸ ಹೋಗಬೇಡಿ.

ಇನ್ನು ರೈಲ್. ಡೆಲ್ ರೈಲ್‌ಗೆ ಎಚ್‌ಪಿಇ ಸರ್ವರ್ ಕೂರುವುದಿಲ್ಲ. ಒಂದೇ ಕಂಪನಿಯ ಹಳೆ ಮಾಡೆಲ್‌ನ ರೈಲ್ ಕೂಡ ಹೊಸದಕ್ಕೆ ಆಗುತ್ತದೆ ಅಂತ ನಂಬುವಂತಿಲ್ಲ. ರೈಲ್ ಇಲ್ಲದ ಹಳೆ ಸರ್ವರ್ ಅಗ್ಗಕ್ಕೆ ಸಿಕ್ಕಿತು ಅಂತ ತಂದರೆ, ರೈಲ್ ಹುಡುಕುವುದೇ ದೊಡ್ಡ ಕೆಲಸ. ಎಲ್ ಆಕಾರದ ಪಟ್ಟಿ ಹಾಕಿ ಅದರ ಮೇಲೆ ಸರ್ವರ್ ಇಡಬಹುದು. ಆದರೆ ಮುಚ್ಚಳ ತೆಗೆಯಬೇಕಾದಾಗಲೆಲ್ಲ ಇಡೀ ಪೆಟ್ಟಿಗೆಯನ್ನೇ ಹೊರಗೆ ಎತ್ತಬೇಕು.

ಕಂಬದ ತೂತುಗಳ ವಿಷಯದಲ್ಲಿ ನಾನೇ ಒಮ್ಮೆ ಬೇಸ್ತು ಬಿದ್ದಿದ್ದೇನೆ. 2ಯು ಸರ್ವರ್ ಅರ್ಧ ಒಳಗೆ ಹೋಗಿ ನಿಂತುಬಿಟ್ಟಿತು. ಇಬ್ಬರು ಸೇರಿ ತಳ್ಳಿದರೂ ಜಪ್ಪಯ್ಯ ಎನ್ನಲಿಲ್ಲ. ಟಾರ್ಚ್ ಬಿಟ್ಟು ನೋಡಿದರೆ ಎಡಗಡೆ ರೈಲ್‌ನ ಹಿಂದಿನ ತುದಿ ಒಂದು ತೂತು ಮೇಲಿತ್ತು! ಒಂದು ಯುಗೆ ಮೂರು ತೂತು. ಅವುಗಳ ನಡುವಿನ ಅಂತರ ಸಮ ಅಲ್ಲ: 15.9, 15.9, ಆಮೇಲೆ 12.7 ಮಿ.ಮೀ. ಈ ಕಿರಿದಾದ ಅಂತರದ ನಟ್ಟನಡುವೆ ಒಂದು ಯು ಮುಗಿದು ಇನ್ನೊಂದು ಶುರುವಾಗುತ್ತದೆ. ಕಂಬದ ಮೇಲೆ ನಂಬರ್ ಇಲ್ಲದಿದ್ದರೆ ಬೆರಳಿನಿಂದ ಆ ಕಿರಿದಾದ ಜಾಗ ಹುಡುಕಿ, ಮಾರ್ಕರ್‌ನಿಂದ ನಾಲ್ಕೂ ಕಂಬಕ್ಕೆ ಗುರುತು ಹಾಕಿ. ಚೌಕ ತೂತಿಗೆ ಮಾಡಿದ ಕ್ಲಿಪ್ ಸ್ಕ್ರೂ ತಿರುಗಿಸಲು ಒಳಗೆ ಗೆರೆ ಇರುವ ದುಂಡು ತೂತಿಗೆ ಹಿಡಿಯುವುದಿಲ್ಲ, ಅದನ್ನೂ ನೋಡಿಕೊಳ್ಳಿ.

ಭಾರದ್ದು ಕೆಳಗೆ, ಇದು ಎಲ್ಲರಿಗೂ ಗೊತ್ತು. ಹಿಂದುಗಡೆ ಉದ್ದನೆಯ ಪವರ್ ಪಟ್ಟಿ ಇದ್ದರೆ ಕೇಬಲ್ ಆರ್ಮ್ (ಕೇಬಲ್ ಹಿಡಿದಿಡುವ ಮಡಚುವ ತೋಳು) ಅದಕ್ಕೆ ಬಡಿಯುತ್ತದೆ. ಅಂಥ ಕಡೆ ನಾನು ಆರ್ಮ್ ಹಾಕುವುದೇ ಇಲ್ಲ, ವೆಲ್ಕ್ರೊ ಕಟ್ಟಿ ಬಿಡುತ್ತೇನೆ. ಸರ್ವರ್ ಮುಂದಿನಿಂದ ಗಾಳಿ ಎಳೆದು ಹಿಂದಕ್ಕೆ ಬಿಡುತ್ತದೆ. ನಡುವೆ ಹಿಂದಿನಿಂದ ಗಾಳಿ ಎಳೆದು ಮುಂದಕ್ಕೆ ಬಿಡುವ ನೆಟ್‌ವರ್ಕ್ ಸ್ವಿಚ್ ಒಂದು ಸೇರಿಕೊಂಡರೆ ಅದು ಪಕ್ಕದವರ ಬಿಸಿಯನ್ನೇ ಕುಡಿಯುತ್ತದೆ.

ಕೊನೆಗೆ ಸರ್ವರ್‌ನ ಮಾಡೆಲ್ ನಂಬರ್ ಬರೆದ ಚೀಟಿಯನ್ನು ಅದರ ಎರಡೂ ರೈಲ್‌ಗೆ ಅಂಟಿಸುತ್ತೇನೆ. ಸರ್ವರ್ ಬಿಚ್ಚಿದ ಮೇಲೆ ಮೂಲೆಗೆ ಬೀಳುವ ರೈಲ್‌ಗಳೆಲ್ಲ ನೋಡಲು ಒಂದೇ ಥರ ಇರುತ್ತವೆ.